ಪರ್ಷಿಯನ್ ಮಾತಾಡೋರ ಇಂಗ್ಲಿಷ್: ಕ್ರಿಯಾಪದ ನಮ್ಮ ಥರಾನೇ ಕೊನೆಗೆ ಬರತ್ತೆ, ಆದ್ರೆ ತಪ್ಪುಗಳು ಮಾತ್ರ ಬೇರೆ, ಯಾಕೆ?

ರಿಚ್ಮಂಡ್‌ಹಿಲ್_ಸುಮಾ

ಎಲ್ಲರಿಗೂ ನಮಸ್ಕಾರ. ನಾನಿರೋದು ಟೊರೊಂಟೊ ಪಕ್ಕದ ರಿಚ್ಮಂಡ್ ಹಿಲ್‌ನಲ್ಲಿ. ಈ ಕಡೆ ಇರಾನಿನವರು ಎಷ್ಟು ಜನ ಅಂದ್ರೆ ಯಂಗ್ ಸ್ಟ್ರೀಟಲ್ಲಿ ಸ್ವಲ್ಪ ದೂರ ನಡೆದ್ರೆ ಸಾಕು ಬೇಕರಿ, ಡೆಂಟಿಸ್ಟು, ವಕೀಲರು ಎಲ್ಲರ ಬೋರ್ಡೂ ಪರ್ಷಿಯನ್‌ನಲ್ಲೇ ಇರತ್ತೆ, ಊರಿಗೇ 'ತೆಹ್ರಾಂಟೊ' ಅಂತ ಅಡ್ಡಹೆಸರು ಬಿದ್ದಿದೆ. ಶನಿವಾರ ಲೈಬ್ರರಿಯಲ್ಲಿ ಹೊಸದಾಗಿ ಬಂದವರ ಜೊತೆ ಇಂಗ್ಲಿಷ್ ಮಾತಾಡೋ ಗುಂಪು ನಡೆಸ್ತೀನಿ, ವಾಲಂಟಿಯರ್ ಕೆಲಸ, ನಾನೇನು ಟ್ರೈನಿಂಗ್ ಆದ ಟೀಚರ್ ಅಲ್ಲ. ಬರೋರಲ್ಲಿ ಅರ್ಧ ಜನ ಇರಾನಿನವರು, ಇಂಜಿನಿಯರು ಅಕೌಂಟೆಂಟು ಹೀಗೆ ಓದಿಕೊಂಡವರು, ಊರಲ್ಲೇ ಇನ್‌ಸ್ಟಿಟ್ಯೂಟಿಗೆ ಹೋಗಿ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಮುಗಿಸಿ ಬಂದವರು. ಇನ್ನು ಕೆಲವರು 2021ರ ಆಮೇಲೆ ಕಾಬೂಲ್, ಹೆರಾತ್ ಕಡೆಯಿಂದ ಬಂದ ಹೆಂಗಸರು, ದರಿ ಮಾತಾಡ್ತಾರೆ, ಅದೂ ಪರ್ಷಿಯನ್ನೇ ಅಂತೆ.

ಶುರುವಲ್ಲಿ ಒಬ್ಬರು ಹೇಳಿದ್ರು ಪರ್ಷಿಯನ್‌ನಲ್ಲೂ ಕನ್ನಡದ ಥರ ಕರ್ತೃ ಕರ್ಮ ಕ್ರಿಯಾಪದ ಅನ್ನೋ ಕ್ರಮಾನೇ ಅಂತ. ಸರಿ ಹಾಗಾದ್ರೆ 'ಐ ಟೀ ಡ್ರಿಂಕ್' ಅಂತ ಮಾತಾಡ್ತಾರೇನೋ ಅಂದ್ಕೊಂಡು ಹೋದ್ರೆ ಒಬ್ಬರೂ ಹಾಗೆ ಹೇಳಲ್ಲ! ಬದಲಿಗೆ ಇಂಥವು ಬರ್ತವೆ, ನೋಟ್‌ಬುಕ್ಕಲ್ಲಿ ಬರೆದಿಟ್ಕೊಂಡಿರೋದನ್ನೇ ಹಾಕ್ತಿದೀನಿ:

"ದಿ ವುಮನ್ ದ್ಯಾಟ್ ಐ ಟಾಕ್ಡ್ ವಿತ್ ಹರ್ ವಾಸ್ ಕೈಂಡ್"
"ಹಿಯರ್ ಈಸ್ ವೆರಿ ಕೋಲ್ಡ್"
"ಮೈ ವೈಫ್ ಈಸ್ ನರ್ಸ್, ಹಿ ವರ್ಕ್ಸ್ ಅಟ್ ನೈಟ್"
"ಆಲ್‌ದೋ ಇಟ್ ವಾಸ್ ರೇನಿಂಗ್, ಬಟ್ ವಿ ವೆಂಟ್"
"ಐ ವಾಂಟ್ ದ್ಯಾಟ್ ಮೈ ಸನ್ ಗೋಸ್ ಟು ಯೂನಿವರ್ಸಿಟಿ"

ನಮ್ಮ ಕನ್ನಡದವರ ಇಂಗ್ಲಿಷಲ್ಲಿ ಈ ಮೊದಲನೇದು ಮೂರನೇದು ನಾನು ಕೇಳೇ ಇಲ್ಲ. ವಾಕ್ಯದ ಕಟ್ಟು ನಮ್ಮದೇ ಥರ ಇದ್ರೆ ತಪ್ಪುಗಳೂ ನಮ್ಮದೇ ಥರ ಇರ್ಬೇಕಲ್ವಾ? ಪರ್ಷಿಯನ್ ಗೊತ್ತಿರೋರು, ಇಂಗ್ಲಿಷ್ ಪಾಠ ಮಾಡೋರು ಯಾರಾದ್ರೂ ಸ್ವಲ್ಪ ಬಿಡಿಸಿ ಹೇಳಿ. ಮೊದಲು ಯಾವುದನ್ನ ತಿದ್ದಬೇಕು ಅನ್ನೋದೂ ಬೇಕು, ಸಿಗೋದೇ ವಾರಕ್ಕೊಂದು ಗಂಟೆ.

ಪದಪಲ್ಲಟ

ಒಳ್ಳೆ ಪ್ರಶ್ನೆ ಸುಮಾ ಅವರೇ. ಭಾಷಾವಿಜ್ಞಾನ ಓದೋವಾಗ ಪರ್ಷಿಯನ್ ಸ್ವಲ್ಪ ಕಲ್ತಿದ್ದೆ, ಆ ಧೈರ್ಯದಲ್ಲಿ ಉದ್ದ ಬರೀತಿದೀನಿ.

ಕ್ರಿಯಾಪದ ಕೊನೆಗೆ ಬರತ್ತೆ ಅನ್ನೋದು ನಿಜ. 'ಮನ್ ಕೆತಾಬ್ ಖಾಂದಮ್', ನಾನು ಪುಸ್ತಕ ಓದಿದೆ, ಪದಕ್ಕೆ ಪದ ಕೂರತ್ತೆ. ಇನ್ನೂ ಮಜಾ ಅಂದ್ರೆ 'ರಾ' ಅಂತ ಒಂದಿದೆ, ನಮ್ಮ 'ಅನ್ನು' ಥರ. ನಾವು ಸುಮ್ನೆ 'ಪುಸ್ತಕ ಓದ್ದೆ' ಅನ್ನೋದಕ್ಕೂ 'ಆ ಪುಸ್ತಕಾನ ಓದ್ದೆ' ಅನ್ನೋದಕ್ಕೂ ವ್ಯತ್ಯಾಸ ಇದೆಯಲ್ಲ, ಇಂಥದ್ದೇ ಪುಸ್ತಕ ಅಂತ ಗೊತ್ತಿರೋವಾಗ 'ಅನ್ನು' ಬರೋದು, ಅವರೂ ಹಾಗೇ 'ಕೆತಾಬ್ ರಾ ಖಾಂದಮ್' ಅಂತಾರೆ. ಕ್ರಿಯಾಪದದ ಬಾಲದಲ್ಲೇ ನಾನು, ನೀನು, ಅವರು ಎಲ್ಲ ಗೊತ್ತಾಗೋದ್ರಿಂದ 'ಮನ್' ಬಿಟ್ರೂ ನಡೆಯತ್ತೆ, ನಾವು 'ಊಟ ಮಾಡ್ದೆ' ಅಂದ ಹಾಗೆ. ಪ್ರಶ್ನೆ ಕೇಳೋವಾಗಲೂ ಪದಗಳನ್ನ ಹಿಂದೆಮುಂದೆ ಮಾಡಲ್ಲ, 'ತೊ ಕೊಜಾ ಮೀರವೀ', ನೀನು ಎಲ್ಲಿ ಹೋಗ್ತೀಯ. ಅದಕ್ಕೇ ಹೊಸದಾಗಿ ಕಲಿಯೋರು 'ಯು ವೇರ್ ಗೋ' ಅನ್ನಬಹುದು, ನಮ್ಮಲ್ಲೂ ಅನ್ನೋರಿದಾರೆ.

ಆದ್ರೆ ಸಾಮ್ಯ ಅಲ್ಲಿಗೇ ನಿಲ್ಲತ್ತೆ. ಕನ್ನಡ ಇದೆಯಲ್ಲ, ಅದು ತಲೆಯಿಂದ ಕಾಲಿನವರೆಗೂ ಒಂದೇ ದಿಕ್ಕು, ಮುಖ್ಯವಾದ್ದು ಯಾವಾಗ್ಲೂ ಕೊನೆಗೆ. ದೊಡ್ಡ ಮನೆ, ಮನೆ ಒಳಗೆ, ನಿನ್ನೆ ನೋಡಿದ ಮನುಷ್ಯ. ಪರ್ಷಿಯನ್ ಹಾಗಲ್ಲ, ಕ್ರಿಯಾಪದ ಒಂದನ್ನ ಕೊನೆಗೆ ಇಟ್ಕೊಂಡು ಮಿಕ್ಕಿದ್ದು ಬಹಳಷ್ಟು ಇಂಗ್ಲಿಷ್ ಕಡೆಗೆ ವಾಲತ್ತೆ. 'ಮನೆಯಲ್ಲಿ' ಅನ್ನೋದು 'ದರ್ ಖಾನೆ', ಅಂದ್ರೆ 'ಅಲ್ಲಿ' ಮುಂದೆ ಮನೆ ಹಿಂದೆ. 'ಅಂತ ಗೊತ್ತು' ಅನ್ನೋ ಜಾಗದಲ್ಲಿ ಮೊದಲು 'ಗೊತ್ತು' ಬಂದುಬಿಡತ್ತೆ, ಆಮೇಲೆ 'ಕೆ' ಅಂತ ಒಂದು ಕೊಂಡಿ, ಆಮೇಲೆ ಏನು ಗೊತ್ತು ಅನ್ನೋದು, ಥೇಟ್ ಇಂಗ್ಲಿಷಿನ ದ್ಯಾಟ್ ಥರ. ಆಡುಮಾತಲ್ಲಂತೂ 'ಮನೆಗೆ ಹೋದೆ' ಅನ್ನೋದಕ್ಕೆ 'ರಫ್ತಮ್ ಖೂನೆ', ಹೋದೆ ಮನೆಗೆ, ಅಂತ ಕ್ರಿಯಾಪದಾನೇ ಮುಂದಕ್ಕೆ ಹಾರತ್ತೆ. ಹಾಗಾಗಿ ಇಂಗ್ಲಿಷ್ ಕ್ರಮ ಅವರ ಕಿವಿಗೆ ಅಷ್ಟೇನೂ ಹೊಸದಲ್ಲ. ಅದೂ ಅಲ್ದೆ ಕ್ರಿಯಾಪದ ಎಲ್ಲಿ ಕೂರತ್ತೆ ಅನ್ನೋದು ಕಣ್ಣಿಗೆ ಹೊಡೆಯೋ ವಿಷಯ, ಎಲ್ಲ ಕಡೆ ಅದನ್ನೇ ಮೊದಲು ಹೇಳಿಕೊಡ್ತಾರೆ, ಬೇಗ ಸರಿಹೋಗತ್ತೆ. ನಮ್ಮೂರಲ್ಲೂ ಹೈಸ್ಕೂಲ್ ದಾಟಿದವರು ಯಾರೂ 'ಐ ರೈಸ್ ಏಟ್' ಅನ್ನಲ್ಲ, ಆದ್ರೆ 'ಐ ಆಮ್ ಹಿಯರ್ ಸಿನ್ಸ್ ಟೂ ಇಯರ್ಸ್' ಅನ್ನೋದು ರಿಟೈರ್ ಆಗೋವರೆಗೂ ಹೋಗಲ್ಲ. ದೊಡ್ಡ ವ್ಯತ್ಯಾಸ ಬೇಗ ಹೋಗತ್ತೆ, ಅರ್ಧಂಬರ್ಧ ಹೊಂದೋದು ಉಳ್ಕೊಳ್ಳತ್ತೆ.

ಈಗ ನಿಮ್ಮ ಮೊದಲನೇ ವಾಕ್ಯಕ್ಕೆ ಬರ್ತೀನಿ, ನನ್ನ ಪ್ರಕಾರ ಇದೇ ಪಕ್ಕಾ ಪರ್ಷಿಯನ್ ಮುದ್ರೆ. 'ನಾನು ಮಾತಾಡಿದ ಹೆಂಗಸು' ಅನ್ನೋದನ್ನ ಅವರು 'ಜನೀ ಕೆ ಬಾ ಊ ಹರ್ಫ್ ಜದಮ್' ಅಂತಾರೆ. ಬಿಡಿಸಿದ್ರೆ: ಹೆಂಗಸು, ಕೆ, ಜೊತೆ ಅವಳ, ಮಾತಾಡಿದೆ. ಆ 'ಊ', ಅಂದ್ರೆ ಅವಳು, ಅಲ್ಲಿ ಬೇಕೇ ಬೇಕು, ಯಾಕಂದ್ರೆ 'ಬಾ' ಅನ್ನೋದನ್ನ ಒಂಟಿಯಾಗಿ ಬಿಡೋ ಹಾಗಿಲ್ಲ, ಅದರ ಹಿಂದೆ ಏನಾದ್ರೂ ಬರಲೇಬೇಕು. ಇಂಗ್ಲಿಷಲ್ಲಿ ವಿತ್ ಅನ್ನೋದನ್ನ ನೇತಾಡೋಕೆ ಬಿಟ್ಟು ಮುಂದೆ ಹೋಗ್ತಾರೆ. 'ಮರ್ದೀ ಕೆ ದೀರೂಜ್ ದೀದಮಶ್', ನಿನ್ನೆ ನೋಡಿದ ಮನುಷ್ಯ, ಇಲ್ಲೂ ಕೊನೇ 'ಅಶ್' ಅಂದ್ರೆ ಅವನನ್ನ, ಇಲ್ಲಿ ಮಾತ್ರ ಹಾಕಿದ್ರೂ ಸರಿ ಬಿಟ್ರೂ ಸರಿ. ಇದೇ ಇಂಗ್ಲಿಷಿಗೆ ಬಂದಾಗ 'ದಿ ಮ್ಯಾನ್ ದ್ಯಾಟ್ ಐ ಸಾ ಹಿಮ್'. ಕೊಂಡಿ, ಕ್ರಮ ಎಲ್ಲ ಇಂಗ್ಲಿಷಿನ ಹಾಗೇ ಇರೋದ್ರಿಂದ ಒಂದು ಹಿಮ್ ಜಾಸ್ತಿ ಆಯ್ತು ಅನ್ನೋದು ಅವರಿಗೆ ಕಾಣೋದೇ ಇಲ್ಲ. ಕನ್ನಡದವರಿಗೆ ಈ ತಪ್ಪು ಯಾಕೆ ಬರಲ್ಲ ಅಂದ್ರೆ ನಮ್ಮಲ್ಲಿ ಕೊಂಡೀನೂ ಇಲ್ಲ ಸರ್ವನಾಮಾನೂ ಇಲ್ಲ, 'ಮಾತಾಡಿದ' ಅಂತ ಕ್ರಿಯಾಪದವನ್ನೇ ವಿಶೇಷಣ ಮಾಡಿ ಹೆಂಗಸಿನ ಮುಂದೆ ಕೂರಿಸ್ತೀವಿ. ಇಂಗ್ಲಿಷಿನ ಆ ರಚನೇನ ನಾವು ಸೊನ್ನೆಯಿಂದ ಕಲೀತೀವಿ.

'ಐ ವಾಂಟ್ ದ್ಯಾಟ್' ಕೂಡ ಇದೇ ಜಾತಿ. 'ಮೀಖಾಹಮ್ ಬೆರವಮ್' ಅಂದ್ರೆ 'ಬೇಕು-ನನಗೆ ಹೋಗಲಿ-ನಾನು' ಅನ್ನೋ ಥರ, ಎರಡೂ ಕ್ರಿಯಾಪದಕ್ಕೆ ನಾನು ಅನ್ನೋ ಬಾಲ ಇರತ್ತೆ. 'ಹೋಗೋಕೆ' ಅನ್ನೋ ರೂಪಾನ ಅವರು ಅಲ್ಲಿ ಬಳಸಲ್ಲ. ಹೋಗಬೇಕಾದ್ದು ಮಗ ಆದ್ರೂ ಅಷ್ಟೇ, ಬಾಲ ಮಗನದ್ದು ಬರತ್ತೆ. ಹಿ, ಶಿ ವಿಷಯ ಬೇರೆ ಯಾರಾದ್ರೂ ಹೇಳ್ತಾರೆ, ಕೈ ನೋಯ್ತಿದೆ.

ಒಂಟಿಕೊಪ್ಪಲ್_ಮೇಷ್ಟ್ರು

ಹಿ, ಶಿ ನಾನು ಹೇಳ್ತೀನಿ. ಮೈಸೂರಲ್ಲಿ ಒಂದು ಕಾಲಕ್ಕೆ ಇರಾನಿ ಹುಡುಗರು ಹುಡುಗೀರು ಬಹಳ ಇದ್ರು, ಎಂ.ಎ., ಪಿಎಚ್.ಡಿ. ಅಂತ ಬರೋರು, ನನ್ನ ಹತ್ರ ಇಂಗ್ಲಿಷ್ ಹೇಳಿಸ್ಕೊಳ್ಳೋಕೆ ಮನೇಗೇ ಬರೋರು. ಆಮೇಲೆ ಆಫ್ಘನ್ ಹುಡುಗರೂ ಸ್ಕಾಲರ್‌ಶಿಪ್ ಮೇಲೆ ಬಂದ್ರು. ಷೇಕ್ಸ್‌ಪಿಯರ್ ಬಗ್ಗೆ ಚೆನ್ನಾಗಿ ಬರೆಯೋ ಹುಡುಗೀನೂ ಅವಳ ಅಮ್ಮನ ವಿಷಯ ಮಾತಾಡ್ತಾ ಮಾತಾಡ್ತಾ 'ಹಿ ಈಸ್ ಕುಕಿಂಗ್' ಅಂದುಬಿಡೋಳು. ಅಕ್ಕಪಕ್ಕದವರು ನಗೋರು, ಅವಳಿಗೆ ಅವಮಾನ.

ಸುಮಾ ಮೇಡಂ, ಪರ್ಷಿಯನ್‌ನಲ್ಲಿ ಲಿಂಗ ಅನ್ನೋದೇ ಇಲ್ಲ. ಅವನು ಅವಳು ಎರಡಕ್ಕೂ 'ಊ', ಕ್ರಿಯಾಪದದಲ್ಲೂ ಭೇದ ಇಲ್ಲ, ಬಂದ ಬಂದಳು ಎರಡೂ 'ಆಮದ್'. ನಮ್ಮ ಕನ್ನಡದಲ್ಲಿ ಸರ್ವನಾಮಕ್ಕೂ ಲಿಂಗ, ಕ್ರಿಯಾಪದದ ಬಾಲಕ್ಕೂ ಲಿಂಗ, ಹಾಗಾಗಿ ಬಾಯಿ ತೆರೆಯೋ ಮುಂಚೆನೇ ನಮ್ಮ ತಲೆ ಗಂಡೋ ಹೆಣ್ಣೋ ಅಂತ ನೋಡ್ಕೊಂಡಿರತ್ತೆ. ಅವರಿಗೆ ಆ ಅಭ್ಯಾಸವೇ ಇಲ್ಲ. ನಿಯಮ ಗೊತ್ತಿಲ್ಲ ಅಂತಲ್ಲ, ಕೇಳಿದ್ರೆ ತಕ್ಷಣ ಹೇಳ್ತಾರೆ, ಬರೆಯೋವಾಗ ತಪ್ಪೇ ಬರಲ್ಲ. ಮಾತಿನ ಓಟದಲ್ಲಿ ನೋಡ್ಕೊಳ್ಳೋಕೆ ಪುರುಸೊತ್ತಿರಲ್ಲ ಅಷ್ಟೇ. ಆದ್ದರಿಂದ ಇದಕ್ಕೆ ವ್ಯಾಕರಣ ಪಾಠ ಮಾಡೋದು ದಂಡ.

ನಾನು ಮಾಡ್ತಿದ್ದಿದ್ದು ಇಷ್ಟೇ. ಮನೆ ಆಲ್ಬಮ್ ತರೋಕೆ ಹೇಳೋದು, ಒಂದು ಫೋಟೋ ಇಟ್ಟು ಅದರಲ್ಲಿರೋ ಒಬ್ಬರ ಬಗ್ಗೆ, ಬರೀ ಒಬ್ಬರ ಬಗ್ಗೆ, ನಿಲ್ಲಿಸದೆ ಮಾತಾಡಿಸೋದು. ಅಮ್ಮ ಅಂದ್ರೆ ಶಿ ಶಿ ಶಿ ಹರ್ ಹರ್. ಮುಗಿದ ಮೇಲೆ ಅಪ್ಪ. ಅಮ್ಮ ಅಪ್ಪ ಇಬ್ಬರನ್ನೂ ಒಂದೇ ಕತೆಯಲ್ಲಿ ತರಿಸೋದು ತುಂಬಾ ಆಮೇಲೆ. ತಪ್ಪಿದಾಗ ಬಾಯಲ್ಲಿ ತಿದ್ದುತ್ತಿರಲಿಲ್ಲ, ಫೋಟೋ ಮೇಲೆ ಬೆರಳಿಡ್ತಿದ್ದೆ, ಅವರೇ ತಿದ್ಕೊಳ್ಳೋರು.

ಇನ್ನೊಂದು ಯಾರೂ ಹೇಳದೇ ಇರೋ ವಿಷಯ. ದೊಡ್ಡೋರಿಗೆ ಅವರೂ ನಮ್ಮ ಥರಾನೇ ಬಹುವಚನ ಹಾಕ್ತಾರೆ, 'ಡಾಕ್ಟ್ರು ಬಂದ್ರು' ಅನ್ನೋ ಹಾಗೆ. ಅದಕ್ಕೇ ನಿಮ್ಮ ಗುಂಪಿನಲ್ಲಿ 'ಮೈ ಫಾದರ್ ವರ್ ಅ ಟೀಚರ್' ಅಂತೇನಾದ್ರೂ ಕೇಳಿದ್ರೆ ಅದು ವ್ಯಾಕರಣ ಬಾರದೇ ಇರೋದಲ್ಲ, ಮರ್ಯಾದೆ! ಅದರ ಉಲ್ಟಾನೂ ಇದೆ, ಜೀವ ಇಲ್ಲದ ವಸ್ತುಗಳು ಎಷ್ಟಿದ್ರೂ ಅವರಲ್ಲಿ ಎಷ್ಟೋ ಸಲ ಏಕವಚನ ಕ್ರಿಯಾಪದಾನೇ ಬರೋದು, 'ಪುಸ್ತಕಗಳು ಮೇಜಿನ ಮೇಲಿದೆ' ಅಂತ ನಾವೂ ಆಡೋವಾಗ ಅಂತೀವಲ್ಲ ಹಾಗೆ. 'ದಿ ಬುಕ್ಸ್ ಈಸ್ ಆನ್ ದಿ ಟೇಬಲ್' ಅಲ್ಲಿಂದ ಬಂದಿದ್ದು. ಎಣಿಕೆ ಬಂದ್ರೆ ನಾಮಪದ ಏಕವಚನದಲ್ಲೇ, 'ಸೆ ಕೆತಾಬ್', ನಮ್ಮ 'ಮೂರು ಪುಸ್ತಕ'. ಇದೊಂದು ತಪ್ಪಂತೂ ಅವರದ್ದೂ ನಮ್ಮದೂ ಒಂದೇ.

ಬೀದರ್_ಬಿದ್ರಿ

ನಾನು ಇದನ್ನ ಆ ಕಡೆಯಿಂದ ನೋಡಿದೀನಿ. ಬೀದರ್‌ನವಳು, ಇತಿಹಾಸ ಓದಿದ್ದು, ನಮ್ಮೂರಲ್ಲಿ ಬಹಮನಿ ಕಾಲದ ಶಾಸನ ನೋಡ್ಬೇಕು ಅಂದ್ರೆ ಪರ್ಷಿಯನ್ ಬೇಕಾಗತ್ತೆ, ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ಇರೋ ಊರಲ್ವಾ, ಅವನೂ ಇರಾನಿನ ಗಿಲಾನ್ ಕಡೆಯಿಂದ ಬಂದವನೇ. ಹಾಗಾಗಿ ಪರ್ಷಿಯನ್ ಕ್ಲಾಸಿಗೆ ಸೇರಿದ್ದೆ. ನಮ್ಮ ಬ್ಯಾಚಲ್ಲಿ ಕನ್ನಡದವರಿಗೆ ಕ್ರಿಯಾಪದ ಕೊನೆಗಿಡೋದು ಕಷ್ಟಾನೇ ಆಗ್ಲಿಲ್ಲ, ಎಲ್ಲರೂ ಎಡವಿದ್ದು 'ಎಜಾಫೆ' ಅನ್ನೋದರ ಹತ್ರ. ಅವರಲ್ಲಿ ನಾಮಪದ ಮೊದಲು, ಅದಕ್ಕೊಂದು 'ಎ' ಅಂಟಿಸಿ ಆಮೇಲೆ ವಿಶೇಷಣ. 'ಖಾನೆ-ಯೆ ಬೊಜೊರ್ಗ್', ಮನೆ ದೊಡ್ಡ. ನಾವೆಲ್ಲ 'ಬೊಜೊರ್ಗ್ ಖಾನೆ' ಅನ್ನೋದು, ಮೇಷ್ಟ್ರು ತಲೆ ಚಚ್ಕೊಳ್ಳೋದು.

ಸಂಬಂಧ ಹೇಳೋವಾಗ ನೋಡ್ಬೇಕು. 'ನನ್ನ ಗೆಳೆಯನ ಅಣ್ಣನ ಪುಸ್ತಕ', ಇಂಗ್ಲಿಷಲ್ಲೂ 'ಮೈ ಫ್ರೆಂಡ್ಸ್ ಬ್ರದರ್ಸ್ ಬುಕ್', ನಮ್ಮ ಕ್ರಮಾನೇ, ಒಂದು ಪದಾನೂ ಕದಲಲ್ಲ. ಪರ್ಷಿಯನ್‌ನಲ್ಲಿ ಪೂರ್ತಿ ಕನ್ನಡಿ: 'ಕೆತಾಬ್-ಎ ಬರಾದರ್-ಎ ದೂಸ್ತ್-ಎ ಮನ್', ಪುಸ್ತಕ, ಅಣ್ಣ, ಗೆಳೆಯ, ನಾನು. ಅದಕ್ಕೇ ಅವರು 'ದಿ ಬುಕ್ ಆಫ್ ದಿ ಬ್ರದರ್ ಆಫ್ ಮೈ ಫ್ರೆಂಡ್' ಅಂತ ರೈಲು ಬಿಡೋದು. ತಪ್ಪೇನಲ್ಲ, ಆದ್ರೆ ಹಾಗೆ ಯಾರು ಮಾತಾಡ್ತಾರೆ. ಆ 'ಎ' ಸಾಮಾನ್ಯವಾಗಿ ಬರವಣಿಗೆಯಲ್ಲಿ ಕಾಣಿಸೋದೂ ಇಲ್ಲ, ಹ್ರಸ್ವ ಸ್ವರ ಅಲ್ವಾ, ಓದೋರೇ ಸೇರಿಸ್ಕೊಂಡು ಓದ್ಬೇಕು. ಸುಮಾ ಅಕ್ಕ, ನಿಮ್ಮ ಗುಂಪಲ್ಲಿ ಅಪಾಸ್ಟ್ರಫಿ ಎಸ್ ಬಳಸೋರು ಎಷ್ಟು ಜನ ಅಂತ ಒಂದ್ಸಲ ಗಮನಿಸಿ.

ಹುಬ್ಳಿ_ಹುಡುಗ_ದುಬೈ

ನೋಡ್ರಿ, ನಾ ಏನ್ ವ್ಯಾಕರಣ ಪಂಡಿತ ಅಲ್ಲ, ಆದ್ರ ದುಬೈದ ದೇರಾದಾಗ ಅಂಗಡಿ, ಗೋದಾಮು ಅಂತ ಇರಾನಿ ಮಂದಿ ಜೋಡಿನ ಕೆಲಸ ನಂದು, ಕ್ರೀಕ್ ದಂಡಿಗೆ ಅವರ ಸಾಮಾನು ತುಂಬಿದ ಲಾಂಚು ನಿಂತಿರ್ತಾವ. ಅವರ ಇಂಗ್ಲಿಷಿನ್ಯಾಗ ನಂಗ ಭಾಳ ಮಜಾ ಅನ್ಸೋದು ಬ್ಯಾರೆನ ಐತಿ. ಅವರಲ್ಲಿ ಒಂಟಿ ಕ್ರಿಯಾಪದ ಕಡಿಮಿ, ಎಲ್ಲಾ ಜೋಡಿ. ಒಂದು ನಾಮಪದ ತಗೊಂಡು 'ಮಾಡು', 'ಹೊಡಿ', 'ತಿನ್ನು', 'ಕೊಡು', 'ಎಳಿ' ಇವುಗಳ ಪೈಕಿ ಒಂದನ್ನ ಹಚ್ಚಿಬಿಡೋದು. ಮಾತಾಡೋದಕ್ಕ ಮಾತು ಹೊಡಿ, 'ಹರ್ಫ್ ಜದನ್'. ಫೋನ್ ಮಾಡೋದಕ್ಕ ಗಂಟಿ ಹೊಡಿ. ಕೇಳಿಸ್ಕೊಳ್ಳೋದಕ್ಕ ಕಿವಿ ಕೊಡು, ನಾವೂ 'ಕಿವಿಗೊಡು' ಅಂತೀವಲ್ರಿ. ಬಿದ್ರ ನೆಲ ತಿಂದ, ನೆಗಡಿ ಆದ್ರ ಚಳಿ ತಿಂದ, ಹೊಡ್ತಾ ಬಿದ್ರ ಹೊಡ್ತಾ ತಿಂದ, ಇದೊಂದು ಮಾತ್ರ ನಮ್ಮ ಏಟು ತಿನ್ನೋದಕ್ಕ ಸರಿ ಹೊಂದ್ತದ ನೋಡ್ರಿ. ಸಿಗರೇಟ್ ಎಳಿಯೋದು, ನಾವು ಸೇದೋದು, ಎಲ್ಡೂ ಒಂದ.

ಇದರಿಂದ ಇಂಗ್ಲಿಷಿಗೆ ಏನ್ ತೊಂದ್ರಿ ಅಂದ್ರ ಡೂ, ಮೇಕ್, ಟೇಕ್, ಗಿವ್ ಎಲ್ಲಾ ಕಲಸಿ ಹೋಗ್ತಾವ. ಅವರಲ್ಲಿ 'ಕರ್ದನ್', ಅಂದ್ರ ಮಾಡು, ಒಂದ ಸಾಕು, ಇಂಗ್ಲಿಷಿನ್ಯಾಗ ಮೇಕ್ ಎಲ್ಲಿ ಡೂ ಎಲ್ಲಿ ಅಂತ ನೆನಪಿಡಬೇಕು. ಪ್ರಿಪೊಸಿಷನ್ ಸೈತ ಹಂಗ. 'ಮ್ಯಾರೀಡ್ ವಿತ್ ಹರ್', ಯಾಕಂದ್ರ ಅವರು 'ಬಾ', ಜೋಡಿ, ಅಂತಾರ. 'ಆಸ್ಕ್ಡ್ ಫ್ರಮ್ ಹಿಮ್', 'ಅಫ್ರೇಡ್ ಫ್ರಮ್ ಡಾಗ್ಸ್', 'ಬಿಗರ್ ಫ್ರಮ್ ಮಿ', ಈ ಮೂರಕ್ಕೂ ಅವರಲ್ಲಿ 'ಅಜ್' ಒಂದ ಬರೋದು. ವಯಸ್ಸು ಕೇಳಿದ್ರ 'ಐ ಹ್ಯಾವ್ ಥರ್ಟಿ ಇಯರ್ಸ್' ಅಂತಾರ, ಅಲ್ಲಿ ವರ್ಷ 'ಇಟ್ಕೊಂಡಿರೋದು'.

ಇನ್ನ 'ಇಸ್ಕೂಲು', 'ಇಸ್ಟೇಷನ್' ಅನ್ನೋದು ಹಳ್ಳಿ ಕಡೆ ನಮ್ಮ ಮಂದಿದೂ ಐತಿ, ಅವರು 'ಎಸ್ಕೂಲ್' ಅಂತಾರ ಅಷ್ಟ. ಅದು ನಾಲಿಗಿ ವಿಷಯ, ವಾಕ್ಯದ್ದಲ್ಲ, ಬಿಡ್ರಿ.

ಸಂದೇಹಿ

ಒಂದು ಎಚ್ಚರಿಕೆ ಹೇಳ್ಬೇಕು, ಎಲ್ಲರೂ ಪರ್ಷಿಯನ್ ಮೇಲೇ ಗೂಬೆ ಕೂರಿಸ್ತಾ ಇದೀರ. 1957ರಲ್ಲಿ ರಾಬರ್ಟ್ ಲಾಡೊ ಅನ್ನೋ ಭಾಷಾವಿಜ್ಞಾನಿ ಎರಡು ಭಾಷೆ ಪಕ್ಕಪಕ್ಕ ಇಟ್ಟು ವ್ಯತ್ಯಾಸ ನೋಡಿದ್ರೆ ಕಲಿಯೋರು ಎಲ್ಲಿ ಎಡವ್ತಾರೆ ಅಂತ ಮೊದಲೇ ಹೇಳಬಹುದು ಅಂದ್ರು. ಕೇಳೋಕೆ ಚೆನ್ನಾಗಿದೆ, ಆದ್ರೆ ಕ್ಲಾಸಲ್ಲಿ ನೋಡಿದ್ರೆ ಎಷ್ಟೋ ತಪ್ಪು ಯಾವ ಮಾತೃಭಾಷೆಯವರು ಬಂದ್ರೂ ಅದೇ ಬರ್ತಿತ್ತು. 1967ರಲ್ಲಿ ಪಿಟ್ ಕಾರ್ಡರ್ ಬಂದು ತಪ್ಪು ಅನ್ನೋದು ಕಲಿಯೋನ ತಲೆಯಲ್ಲಿ ಏನು ನಡೀತಿದೆ ಅಂತ ತೋರಿಸೋ ಸಾಕ್ಷಿ, ಅದನ್ನ ಓಡಿಸಬೇಡಿ ಓದಿ ಅಂದ್ರು. ಆಮೇಲೆ 1972ರಲ್ಲಿ ಸೆಲಿಂಕರ್, ಕಲಿಯೋರದ್ದು ಮಾತೃಭಾಷೆನೂ ಅಲ್ಲದ ಇಂಗ್ಲಿಷೂ ಅಲ್ಲದ ನಡುವಿನ ಒಂದು ಭಾಷೆ, ಅದಕ್ಕೆ ಅದರದ್ದೇ ನಿಯಮ ಇರತ್ತೆ ಅಂದ್ರು.

ಸುಮಾ ಅವರ ಪಟ್ಟಿಯನ್ನೇ ತಗೊಳ್ಳಿ. ನರ್ಸ್ ಮುಂದೆ 'ಅ' ಬಿಟ್ಟಿದಾರೆ. ಇದು ಪರ್ಷಿಯನ್ ಇಂದಾನಾ? ಅವರಲ್ಲಿ 'ದಿ'ಗೆ ಸಮನಾದ ಪದ ಇಲ್ಲ ನಿಜ, 'ಒಂದು' ಅನ್ನೋಕೆ ನಾಮಪದಕ್ಕೆ 'ಈ' ಅಂಟಿಸ್ತಾರೆ, ವೃತ್ತಿ ಹೇಳೋವಾಗ ಅದೂ ಇಲ್ಲ. ಆದ್ರೆ ಚೀನಾದವರು, ರಷ್ಯಾದವರು, ಜಪಾನಿನವರು, ನಾವು, ಎಲ್ಲರೂ ಅದನ್ನ ಬಿಡ್ತೀವಿ. ಆಲ್‌ದೋ ಜೊತೆ ಬಟ್ ಹಾಕೋದನ್ನ ಚೀನಿ ಮಾತಾಡೋರೂ ಮಾಡ್ತಾರೆ. 'ಐ ಡೋಂಟ್ ನೋ ವೇರ್ ಈಸ್ ಹಿ' ಅನ್ನೋದಂತೂ ಯಾವ ಭಾಷೆಯಿಂದಾನೂ ಬಂದಿದ್ದಲ್ಲ, ಪ್ರಶ್ನೆಯಲ್ಲಿ ಪದ ತಿರುಗಿಸ್ಬೇಕು ಅಂತ ಕಷ್ಟಪಟ್ಟು ಕಲಿತದ್ದನ್ನ ಎಲ್ಲ ಕಡೆ ಹಾಕಿದ್ದು. ಪಾಪ ಅದು ಕಲೀತಿರೋ ಲಕ್ಷಣ.

ಪದಪಲ್ಲಟ

@ಸಂದೇಹಿ ಒಪ್ತೀನಿ, ಪೂರ್ತಿ ಅಲ್ಲ. ಹಲವರಿಗೆ ಬರೋ ತಪ್ಪು ಅಂದ ಮಾತ್ರಕ್ಕೆ ಮಾತೃಭಾಷೆ ಕಾರಣ ಅಲ್ಲ ಅಂತಾಗಲ್ಲ. ಚೀನಿ, ರಷ್ಯನ್, ಜಪಾನಿ, ಕನ್ನಡ ಇವೆಲ್ಲದರಲ್ಲೂ ಆ 'ಅ', 'ದಿ' ಇಲ್ಲ ಅಂತಾನೇ ಅಲ್ವಾ ನೀವು ಪಟ್ಟಿ ಮಾಡಿದ್ದು? ಸ್ಪ್ಯಾನಿಷ್ ಅವರನ್ನ ಪಕ್ಕದಲ್ಲಿ ಕೂರಿಸಿ ನೋಡಿ, ಅವರಲ್ಲಿ ಅಂಥ ಪದಗಳಿವೆ, ಅವರು ಹೆಚ್ಚಾಗಿ ಬೇರೆ ಥರ ತಪ್ತಾರೆ, ಬೇಡದ ಕಡೆ 'ದಿ' ಹಾಕ್ತಾರೆ. 'ದ್ಯಾಟ್ ಐ ಸಾ ಹಿಮ್' ಅನ್ನೋದು ಅರಬ್ಬಿ ಮಾತಾಡೋರಲ್ಲೂ ಬರತ್ತೆ, ಯಾಕಂದ್ರೆ ಅರಬ್ಬಿಯಲ್ಲೂ ಆ ಜಾಗದಲ್ಲಿ ಸರ್ವನಾಮ ಇದೆ. ಕನ್ನಡದವರಲ್ಲಿ ಬರಲ್ಲ. ಇದಕ್ಕಿಂತ ಸಾಕ್ಷಿ ಏನು ಬೇಕು. 'ವೇರ್ ಈಸ್ ಹಿ' ವಿಷಯ ಮಾತ್ರ ನೀವು ಹೇಳಿದ್ದೇ ಸರಿ.

ಇನ್ನೊಂದು ಬಿಟ್ಟಿದ್ದೆ, ಕಾಲ. 'ಅವನು ಬರ್ತೀನಿ ಅಂದ' ಅನ್ನೋದಕ್ಕೆ ಪರ್ಷಿಯನ್‌ನಲ್ಲಿ 'ಗೊಫ್ತ್ ಕೆ ಮೀಆಯದ್', ಹೇಳಿದ ಕೆ ಬರ್ತಾನೆ. ಹೇಳಿದ್ದು ನಿನ್ನೆ ಆದ್ರೂ ಒಳಗಿನ ಕ್ರಿಯಾಪದ ವರ್ತಮಾನದಲ್ಲೇ ಉಳಿಯತ್ತೆ. ಇಂಗ್ಲಿಷಿನ 'ವುಡ್' ಅವರಿಗೆ ಸುಲಭಕ್ಕೆ ಬರಲ್ಲ, ನಮಗೂ ಬರಲ್ಲ. ಹಾಗೇ 'ಪಂಜ್ ಸಾಲ್ ಅಸ್ತ್ ಕೆ ಈಂಜಾ ಜೆಂದೆಗೀ ಮೀಕೊನಮ್', ಐದು ವರ್ಷ ಆಯ್ತು ಇಲ್ಲಿ ವಾಸ ಮಾಡ್ತೀನಿ, ಹಾಗಾಗಿ 'ಐ ಲಿವ್ ಹಿಯರ್ ಫೈವ್ ಇಯರ್ಸ್'. ಇಂಗ್ಲಿಷಿನ 'ಹ್ಯಾವ್ ಬೀನ್' ಅನ್ನೋ ಗಂಟು ಅವರಲ್ಲೂ ಇಲ್ಲ ನಮ್ಮಲ್ಲೂ ಇಲ್ಲ.

ರಿಚ್ಮಂಡ್‌ಹಿಲ್_ಸುಮಾ

ಅಬ್ಬಾ, ಎಲ್ಲರಿಗೂ ಥ್ಯಾಂಕ್ಸ್! ಮೇಷ್ಟ್ರೇ, ಆ ಬಹುವಚನ ಮರ್ಯಾದೆ ನಮ್ಮಲ್ಲೂ ಇದೆ, ಒಬ್ಬ ಆಫ್ಘನ್ ಅಜ್ಜಿ ಅವರ ಗಂಡನ್ನ 'ದೆ' ಅಂತಾನೇ ಕರೀತಾರೆ, ನಾನು ಮನೇಲಿ ಇನ್ನೂ ಯಾರೋ ಇದಾರೆ ಅಂದ್ಕೊಂಡಿದ್ದೆ.

ಇನ್ನೆರಡು ಪ್ರಶ್ನೆ. ಒಂದು, 'ಹಿಯರ್ ಈಸ್ ಕೋಲ್ಡ್' ಬಗ್ಗೆ ಯಾರೂ ಹೇಳಲಿಲ್ಲ. ಎರಡು, ನನ್ನ ಗುಂಪಲ್ಲಿ ಎರಡು ಥರದ ಜನ. ತೆಹ್ರಾನ್‌ನಿಂದ ಬಂದ ಇಂಜಿನಿಯರ್ ಒಬ್ಬರಿಗೆ ರಿಲೇಟಿವ್ ಕ್ಲಾಜ್ (ಆ 'ದ್ಯಾಟ್ ಐ ಸಾ' ಥರದ ಉಪವಾಕ್ಯ) ಅಂದ್ರೆ ಏನು ಅಂತ ನನಗಿಂತ ಚೆನ್ನಾಗಿ ಗೊತ್ತು. ಹೆರಾತ್‌ನ ಆ ಅಜ್ಜಿಗೆ ಅವರದ್ದೇ ಭಾಷೆ ಓದೋಕೂ ಬರಲ್ಲ. ಇಬ್ಬರಿಗೂ ಒಟ್ಟಿಗೆ ಏನು ಮಾಡಿಸ್ಲಿ?

ಒಂಟಿಕೊಪ್ಪಲ್_ಮೇಷ್ಟ್ರು

ಮೇಡಂ, ಎರಡನೇದಕ್ಕೆ ನಾನು. ಮೊದಲು ಏನು ತಿದ್ದಬೇಕು ಅನ್ನೋದಕ್ಕೆ ನನ್ನ ಲೆಕ್ಕ ಸರಳ: ಕೇಳೋನಿಗೆ ಅರ್ಥ ಕೆಡ್ತಾ ಇದೆಯಾ? ಹಿ, ಶಿ ಕೆಡಿಸತ್ತೆ, ಆಸ್ಪತ್ರೆಗೆ ಹೋಗಿ ಮಗಳ ವಿಷಯ ಹೇಳ್ತಾ ಹಿ ಅಂದ್ರೆ ಡಾಕ್ಟ್ರು ಬೇರೆ ಯಾರದ್ದೋ ಕತೆ ಅಂದ್ಕೋತಾರೆ, 'ದೆ' ಅಂದಾಗ ನಿಮಗೇ ಆಯ್ತಲ್ಲ. ಕಾಲ ಕೆಡಿಸತ್ತೆ. 'ದಿ' ಬಿಟ್ರೆ ಯಾರಿಗೂ ಏನೂ ಆಗಲ್ಲ, ಅದನ್ನ ಕೊನೆಗೆ ಇಡಿ, ಬಿಟ್ರೂ ಬಿಡಿ. 'ಐ ಸಾ ಹಿಮ್' ಕೂಡ ಅರ್ಥ ಕೆಡಿಸಲ್ಲ, ಆದ್ರೆ ಆ ಇಂಜಿನಿಯರ್ ಕೆಲಸಕ್ಕೆ ಇ-ಮೇಲ್ ಬರೆಯೋನಾದ್ರೆ ಅವನಿಗೆ ಬೇಕು. ಅವನಿಗೆ ಎರಡು ಚಿಕ್ಕ ವಾಕ್ಯ ಕೊಡಿ, 'ಐ ಮೆಟ್ ಅ ಮ್ಯಾನ್', 'ಯು ನೋ ಹಿಮ್', ಎರಡನ್ನೂ ಒಂದು ಮಾಡು ಅನ್ನಿ, ಮಾಡಿದ ಮೇಲೆ ಹಿಮ್ ಮೇಲೆ ಪೆನ್ಸಿಲ್‌ನಲ್ಲಿ ಗೀಟು ಹಾಕಿಸಿ, ಅವನ ಕೈಯಿಂದಲೇ. ಓದಿರೋ ಜನಕ್ಕೆ ಹೀಗೆ ಕಣ್ಣಿಂದ ಹೋಗೋದು ಬೇಗ ಹತ್ತತ್ತೆ.

ಅಜ್ಜಿಗೆ ಇದ್ಯಾವುದೂ ಬೇಡ. ಅವರಿಗೆ ಕೇಳಿ ಕೇಳಿ ಕಲಿಯೋದೇ ದಾರಿ. ಬಸ್ಸಲ್ಲಿ, ಔಷಧಿ ಅಂಗಡೀಲಿ, ಮೊಮ್ಮಗನ ಸ್ಕೂಲಲ್ಲಿ ಬೇಕಾಗೋ ಇಡೀ ವಾಕ್ಯಗಳನ್ನ ಹಾಗ್ಹಾಗೇ ಕಲಿಸಿ, ಬಿಡಿಸಿ ಹೇಳೋಕೆ ಹೋಗಬೇಡಿ. ಇಬ್ಬರನ್ನೂ ಜೋಡಿ ಮಾಡಿ, ಅಜ್ಜಿ ಫೋಟೋ ತೋರಿಸಿ ಕತೆ ಹೇಳ್ಲಿ, ಇಂಜಿನಿಯರ್ ಅದನ್ನ ಬರೀಲಿ.

ಪದಪಲ್ಲಟ

'ಹಿಯರ್ ಈಸ್ ಕೋಲ್ಡ್' ಸುಮಾ ಅವರೇ, ಅದು 'ಈಂಜಾ ಸರ್ದ್ ಅಸ್ತ್', ಇಲ್ಲಿ ಚಳಿ ಇದೆ, ಅಷ್ಟೇ. 'ಈಂಜಾ' ಅಂದ್ರೆ ಇಲ್ಲಿ ಅಂತಲೂ ಹೌದು ಈ ಜಾಗ ಅಂತಲೂ ಹೌದು, ಅದೇ ಕರ್ತೃ ಆಗಿ ಕೂತ್ಕೊಂಡುಬಿಡತ್ತೆ. ಇಂಗ್ಲಿಷಿಗೆ ಖಾಲಿ ಕುರ್ಚಿ ಆಗಲ್ಲ, ಯಾರೂ ಇಲ್ಲದಿದ್ರೆ 'ಇಟ್' ಅನ್ನೋ ಬೊಂಬೇನಾದ್ರೂ ತಂದು ಕೂರಿಸ್ಬೇಕು. ಪರ್ಷಿಯನ್‌ಗೆ ಆ ಹಠ ಇಲ್ಲ, ಮಳೆಗೆ 'ಬಾರಾನ್ ಮೀಆಯದ್', ಮಳೆ ಬರತ್ತೆ, ನಮ್ಮ ಹಾಗೇ. ನಿದ್ದೆ ಬರ್ತಿದೆ ಅನ್ನೋದಕ್ಕೂ 'ಖಾಬಮ್ ಮೀಆದ್', ನನ್ನ ನಿದ್ದೆ ಬರತ್ತೆ. ಹಾಗಾಗಿ ಇಲ್ಲಿ ನೀವು ಕನ್ನಡದವರು ಆಗಿರೋದೇ ಲಾಭ, ನಿಮಗೆ ಅವರ ಕಷ್ಟ ಒಳಗಿಂದ ಗೊತ್ತು. ಹವಾಮಾನ, ದೂರ, ಟೈಮು, ಈ ಮೂರಕ್ಕೆ ಮಾತ್ರ ಇಟ್ ಅಭ್ಯಾಸ ಮಾಡಿಸಿ: ಇಟ್ಸ್ ಕೋಲ್ಡ್ ಹಿಯರ್, ಇಟ್ಸ್ ಫಾರ್, ಇಟ್ಸ್ ಲೇಟ್. ಕೆನಡಾದಲ್ಲಿ ಮೊದಲನೇದಕ್ಕಂತೂ ಆರು ತಿಂಗಳು ಪ್ರಾಕ್ಟೀಸ್ ಸಿಗತ್ತೆ.

ರಿಚ್ಮಂಡ್‌ಹಿಲ್_ಸುಮಾ

ಹಹಹ ಸಿಗತ್ತೆ ಸಿಗತ್ತೆ. ಕೊನೇದೊಂದು, ಅದೇ ಇಂಜಿನಿಯರ್ 'ಐ ಗೇವ್ ಐಇಎಲ್‌ಟಿಎಸ್ ಟ್ವೈಸ್' ಅಂತಾರೆ, ಅದೂ ಪರ್ಷಿಯನ್ನಾ? ನನ್ನ ಕಿವಿಗೆ ಸರಿಯಾಗೇ ಕೇಳ್ಸತ್ತೆ.

ಹುಬ್ಳಿ_ಹುಡುಗ_ದುಬೈ

ಪರ್ಷಿಯನ್ನ ರೀ, 'ಎಮ್ತೆಹಾನ್ ದಾದನ್', ಪರೀಕ್ಷಾ ಕೊಡೋದು. ನಿಮ್ಮ ಕಿವಿಗೆ ಸರಿ ಕೇಳ್ಸೋದು ಯಾಕಂದ್ರ ನಮ್ಮ ದೇಶದಾಗೂ ಮಂದಿ ಎಕ್ಸಾಮ್ ಕೊಡತಾರ. ಅಲ್ಲಿ ಕೆನಡಾದವರು 'ಟೇಕ್' ಅಂತಾರ, ಹಂಗಾಗಿ ಇಂಟರ್‌ವ್ಯೂಕ್ಕ ಹೋಗೋ ಮುಂದ ಒಮ್ಮೆ ಹೇಳಿಬಿಡ್ರಿ ಅವರಿಗೆ, ಇಲ್ಲಂದ್ರ ಪರೀಕ್ಷಾ ಇವರ ತಗೊಂಡ್ರೋ ಬ್ಯಾರೆಯವರಿಗೆ ನಡಿಸಿ ಕೊಟ್ರೋ ಅಂತ ಅವರಿಗೆ ಗೊಂದಲ ಆಗ್ತದ.